ಗಾಣದ ಕಾಕಾ ಹೇಳದೆ ಹೋದ ಮಾತು

ಹೋದ ವಾರ ಫ್ರಿಜ್ಜು ಒರೆಸಲು ಕುಳಿತಾಗ ಹಿಂದಿನ ಮೂಲೆಯಲ್ಲಿ, ಹುಣಸೆಹಣ್ಣಿನ ಡಬ್ಬಿಯ ಆಚೆ, ಒಂದು ಗಾಜಿನ ಬಾಟ್ಲಿ ಸಿಕ್ಕಿತು. ಒಳಗಿನದು ಮಂಕು ಬಿಳುಪಿಗೆ ತಿರುಗಿ ಹೆಪ್ಪುಗಟ್ಟಿತ್ತು. ಬೋರಲು ಹಿಡಿದರೂ ಒಂದು ಹನಿ ಜಾರಲಿಲ್ಲ. ಅಡಿಗೆಕಟ್ಟೆಯ ಮೇಲಿಟ್ಟು ನನ್ನ ಕೆಲಸ ನೋಡಿಕೊಂಡೆ. ಕಿಟಕಿಗೆ ಬಿಸಿಲು ಬರುವ ಹೊತ್ತಿಗೆ ಅದು ಅಂಚಿನಿಂದ ಕರಗುತ್ತ ಬಂದು ತಿಳಿಯಾದ ಹೊಂಬಣ್ಣದ ಎಣ್ಣೆಯಾಯಿತು. ಮುಚ್ಚಳ ತೆಗೆದರೆ ಹಸಿ ಶೇಂಗಾ ಒಡೆದಾಗಿನ ಘಮ. ವಾಸನೆ ಬಹಳ ಚೆನ್ನಾಗಿತ್ತು, ಅದಕ್ಕೇ ನನಗೆ ಸಿಟ್ಟು ಬಂತು.

ಆ ಎಣ್ಣೆ ತಂದುಕೊಟ್ಟವನು ಕುರುಗೋಡಿನ ಗಾಣದ ಕಾಕಾ. ನಮಗೆ ಸಂಬಂಧಿಯೇನಲ್ಲ, ಊರಿಗೆಲ್ಲ ಕಾಕಾ. ವಯಸ್ಸಿಗೆ ಬೆಲೆ ಕೊಟ್ಟು ‘ಅವರು’ ಎಂದು ಬರೆಯಬೇಕು. ನನ್ನ ಪೆನ್ನು ಅಷ್ಟು ದೊಡ್ಡ ಮನಸ್ಸಿನದಲ್ಲ. ಹೋದ ಮಳೆಗಾಲದಲ್ಲಿ ಅವನು ತೀರಿಕೊಂಡ. ಸತ್ತವರ ಬಗ್ಗೆ ಒಳ್ಳೆಯದನ್ನು ಮಾತ್ರ ಆಡಬೇಕಂತೆ. ಹಾಗಾದರೆ ಆ ಒಳ್ಳೆಯದನ್ನು ಮೊದಲು ಮುಗಿಸಿಬಿಡುತ್ತೇನೆ, ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಸಾಲೆ ಬಿಟ್ಟ ಮೇಲೆ ಅವನ ಗಾಣದ ಮುಂದೆ ಹಾದರೆ ಕರೆದು ಅಂಗೈಗೆ ಬಿಸಿ ಹಿಂಡಿ ಹಾಕುತ್ತಿದ್ದ, ಮೇಲೊಂದು ಬೆಲ್ಲದ ಚೂರು. ‘ತಿನ್ನವ್ವಾ, ಗಟ್ಟಿ ಆಗ್ತಿ’ ಎನ್ನುತ್ತಿದ್ದ. ಅಪ್ಪನಿಲ್ಲದ ಹುಡುಗಿ ನಾನು. ನನ್ನ ತಲೆ ಸವರಿ ಮಾತಾಡಿಸುವ ಗಂಡಸು ಆ ಓಣಿಯಲ್ಲಿ ಅವನೊಬ್ಬನೇ. ಅವನು ನನ್ನ ಸ್ವಂತ ಕಾಕಾ ಆಗಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ... ಒಳ್ಳೆಯದು ಇಲ್ಲಿಗೆ ಮುಗಿಯಿತು.

ಬಳ್ಳಾರಿ ಸೀಮೆಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಎಂದು ಹೊರಗಿನವರು ನಗಾಡುತ್ತಾರೆ. ಆದರೆ ಮಾರ್ಗಶಿರದ ಕೆಲವು ಮುಂಜಾನೆಗಳಲ್ಲಿ ಕುರುಗೋಡಿನ ಗುಡ್ಡದ ಕಡೆಯಿಂದ ಬರುವ ಗಾಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಆಗ ಕಾಕಾನ ಗಾಣದಿಂದ ಒಯ್ದ ಎಣ್ಣೆ ಮನೆಮನೆಯಲ್ಲಿ ಬೆಳ್ಳಗೆ ಕೆನೆಗಟ್ಟುತ್ತಿತ್ತು. ಹೆಂಗಸರು ಬಾಟ್ಲಿ ಹಿಡಿದುಕೊಂಡು ಜಗಳಕ್ಕೆ ಬರುತ್ತಿದ್ದರು. ಕಾಕಾ ಸಿಟ್ಟಾಗುತ್ತಿರಲಿಲ್ಲ. ಬಾಟ್ಲಿ ಇಸಿದುಕೊಂಡು ಎಲ್ಲರಿಗೂ ಕಾಣುವಂತೆ ಬೋರಲು ಹಿಡಿಯುತ್ತಿದ್ದ.

‘ಬೀಳ್ತೈತೇನು? ಇಲ್ಲ. ತುಪ್ಪ ಚಳಿಗೆ ಗಟ್ಟಿ ಆಗ್ತೈತೋ ಇಲ್ಲೋ? ಕೊಬ್ರಿ ಎಣ್ಣಿ ಆಗ್ತೈತೋ ಇಲ್ಲೋ? ಅಸಲಿ ಮಾಲು ಗಟ್ಟಿನ ಆಗ್ತೈತಿ. ನೀರಾಗಿ ನಿಂತ್ರ ಅದು ಕಲಬೆರಕಿ ತಿಳ್ಕೊರ್ರಿ.’

ಬಂದವರು ಹೌದಲ್ಲ ಎಂದು ತಲೆಯಾಡಿಸಿ ಹೋಗುತ್ತಿದ್ದರು. ಬೇರೆ ಅಂಗಡಿಯ ಎಣ್ಣೆ ಗಟ್ಟಿಯಾಗಲಿಲ್ಲವೆಂದು ಅದನ್ನು ಬಿಟ್ಟು ಕಾಕಾನ ಹತ್ತಿರ ಬಂದವರೂ ಇದ್ದರು. ವರ್ಷದಲ್ಲಿ ನಾಲ್ಕಾರು ದಿನ ಚಳಿ ಕಾಣುವ ಊರು. ಯಾವ ಎಣ್ಣೆ ಎಷ್ಟು ಚಳಿಗೆ ಗಟ್ಟಿಯಾಗುತ್ತದೆ ಎಂದು ಯೋಚಿಸುವ ಪ್ರಸಂಗ ಯಾರಿಗೂ ಬಂದಿರಲಿಲ್ಲ. ಅವನು ಶೇಂಗಾ ಎಣ್ಣೆಗೆ ಧಾರಾಳವಾಗಿ ರೇಷನ್ನಿನ ಪಾಮಾಯಿಲ್ ಕೂಡಿಸುತ್ತಿದ್ದ.

ನನ್ನವ್ವ ಮದುವೆಮನೆಗಳಿಗೆ ಅಡಿಗೆ ಮಾಡುತ್ತಿದ್ದಳು. ಕುರುಗೋಡಿನಲ್ಲಿ ಮುಹೂರ್ತ ಗೊತ್ತಾಗುವ ಮೊದಲು ಅವ್ವನಿಗೆ ಬಿಡುವಿದೆಯೇ ಎಂದು ಕೇಳಿಕೊಂಡು ಬರುತ್ತಿದ್ದರು. ಅದು ಅವಳ ಗತ್ತು. ಅವಳ ಕೈಯ ಎಣ್ಣೆಗಾಯಿ ಬದನೆಕಾಯಿ ತಿಂದವರು ಬೆರಳು ಮೂಸುತ್ತ ಮನೆಗೆ ಹೋಗುತ್ತಿದ್ದರು. ಎಣ್ಣೆ ಮಾತ್ರ ಕಾಕಾನ ಗಾಣದ್ದೇ ಆಗಬೇಕು. ಮದುವೆಯವರು ಬೇರೆ ಕಡೆಯಿಂದ ತಂದಿಟ್ಟರೆ ‘ಇದು ನಿಮ್ಮ ದೀಪಕ್ಕ ಇರ್ಲಿ’ ಎಂದು ಪಕ್ಕಕ್ಕಿಡುತ್ತಿದ್ದಳು.

ಅಂಥ ಒಂದು ಮಾರ್ಗಶಿರದ ಮದುವೆ. ಬೀಗರು ರೂಪನಗುಡಿಯವರು, ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡೇ ಬಂದಿದ್ದರು. ಮುಹೂರ್ತ ಬೇಗ ಇದ್ದುದರಿಂದ ಅವ್ವ ನಸುಕಿನಲ್ಲೇ ಎಣ್ಣೆಗಾಯಿ ಇಳಿಸಿ, ಹೋಳಿಗೆಗೆ ಕೈ ಹಾಕಿದ್ದಳು. ಚಳಿಗಾಳಿ ಪೆಂಡಾಲಿನ ಪರದೆಯನ್ನು ಎತ್ತಿ ಎತ್ತಿ ಒಗೆಯುತ್ತಿತ್ತು. ಮೊದಲ ಪಂಕ್ತಿಗೆ ಬಡಿಸಲು ಮುಚ್ಚಳ ತೆಗೆದರೆ ಪಾತ್ರೆಯ ತುಂಬ ಬಿಳಿ ಪದರ. ಸೌಟಿನಿಂದ ಕಲಸಿ ಬಡಿಸಿಯೇಬಿಟ್ಟರು. ಎಲೆಯ ಮೇಲೆ ಅದು ಮತ್ತೆ ಬೆಳ್ಳಗಾಯಿತು. ಬೀಗರ ಹಿರಿಯನೊಬ್ಬ ಬೆರಳನ್ನು ಬೆರಳಿಗೆ ತಿಕ್ಕಿ, ನಾಲಗೆಯನ್ನು ಅಂಗುಳಕ್ಕೆ ಒತ್ತಿ ನೋಡಿದ.

‘ಏನ್ರೀ ಇದು, ಮೇಣದಬತ್ತಿ ಕುದಿಸಿ ಹಾಕೀರೇನು ನಮಗ?’

ಪಂಕ್ತಿಯೇ ಎದ್ದಿತು. ಶೇಂಗಾ ಎಣ್ಣೆ ತರಿಸಿಕೊಂಡು, ಅಡಿಗೆಗೆ ಪಾಮಾಯಿಲ್ ಹಾಕಿ, ಶೇಂಗಾ ಎಣ್ಣೆಯನ್ನು ತನ್ನ ಮನೆಗೆ ಸಾಗಿಸಿದ್ದಾಳೆ ಎಂದು ಹುಡುಗಿಯ ಕಡೆಯವರೇ ಅವ್ವನ ಮೇಲೆ ಬಿದ್ದರು. ಅವ್ವನಿಗೆ ಹೆದರಿಕೆಯಾಗಲಿಲ್ಲ. ಯಾಕೆಂದರೆ ಎರಡನೆಯ ಪಂಕ್ತಿಗೆ ಕಾಯುತ್ತ ಕಾಕಾ ಅಲ್ಲೇ ಕುಳಿತಿದ್ದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಅವನ ಮುಂದೆ ಹೋಗಿ ನಿಂತಳು.

‘ಕಾಕಾ, ಎಣ್ಣಿ ನಿಮ್ದು. ಚಳಿಗೆ ಗಟ್ಟಿ ಆಗೈತಿ ಅಂತ ನೀವ ಹೇಳ್ರಿ ಇವರಿಗೆ.’

ಅವನು ಬಂದ. ಪಾತ್ರೆಗೆ ಬೆರಳದ್ದಿದ, ಮೂಸಿದ. ಊರೆಲ್ಲ ಅವನ ಬಾಯಿ ನೋಡುತ್ತಿತ್ತು. ರೂಪನಗುಡಿಯವರಲ್ಲಿ ಎಣ್ಣೆ ಬಲ್ಲವನೊಬ್ಬ ಇದ್ದ, ಬಳ್ಳಾರಿಯಲ್ಲಿ ಎಣ್ಣೆ ವ್ಯಾಪಾರ ಮಾಡುವವನು. ತನ್ನ ಆಟ ಇವತ್ತು ನಡೆಯುವುದಿಲ್ಲ ಎಂದು ಕಾಕಾನಿಗೆ ತಿಳಿಯಿತು.

‘ಇದು ನಮ್ಮ ಎಣ್ಣಿ ಅಲ್ಲ ಬಿಡ್ರಿ’ ಎಂದ. ಅಷ್ಟೇ. ಹೋಗಿ ಕುಳಿತ.

ನಾನು ನೀರಿನ ಲೋಟ ಇಡುತ್ತ ಅಲ್ಲೇ ಇದ್ದೆ. ಅವ್ವನ ಮುಖ ನೋಡಲಾಗಲಿಲ್ಲ.

ಮರುದಿನ ಮುಂಜಾನೆ ಅವಳು ಉಳಿದ ಎಣ್ಣೆಯ ಡಬ್ಬಿಯನ್ನೇ ಹೊತ್ತುಕೊಂಡು ಗಾಣದ ಮುಂದೆ ಹೋದಳು. ಅವನ ಕೈಯಿಂದಲೇ ತುಂಬಿಸಿಕೊಂಡ ಡಬ್ಬಿ, ಒಳಗೆ ಬೆಳ್ಳಗೆ ಗಟ್ಟಿಯಾದ ಎಣ್ಣೆ. ‘ಇದರಾಗ ನಾ ಏನ್ ಕೂಡಿಸೀನಿ ಹೇಳ್ರಿ’ ಎಂದಳು. ಜನ ಸೇರಿದರು. ಕಾಕಾ ಡಬ್ಬಿಯನ್ನು ಎತ್ತಿ ತೋರಿಸಿ ತನ್ನ ಹಳೆಯ ಪಾಠವನ್ನೇ ಒಪ್ಪಿಸಿದ, ತುಪ್ಪ, ಕೊಬ್ಬರಿ ಎಣ್ಣೆ, ಅಸಲಿ ಮಾಲು. ‘ಹಂಗಾರ ನಿನ್ನಿ ಯಾಕ ನಿಮ್ದಲ್ಲ ಅಂದ್ರಿ?’ ಎಂದು ಅವ್ವ ಕೂಗಿದಳು.

‘ನಿನ್ನಿ ನಾ ನೋಡಿದ್ದು ಪಲ್ಯ, ಇದು ಎಣ್ಣಿ. ಪಲ್ಯದಾಗ ನೀ ಏನ್ ಕೂಡಿಸಿದ್ದೋ ನನಗೇನ್ ಗೊತ್ತವ್ವಾ?’

ಜನ ನಕ್ಕರು. ಅದೇ ಎಣ್ಣೆ ಗಾಣದಲ್ಲಿ ಗಟ್ಟಿಯಾದರೆ ಅಸಲಿ, ನನ್ನವ್ವನ ಪಾತ್ರೆಯಲ್ಲಿ ಗಟ್ಟಿಯಾದರೆ ಕಳ್ಳತನ! ಒಬ್ಬರಿಗಾದರೂ ಇದು ಹೊಳೆಯಬಾರದೆ? ಹೊಳೆದಿರಬಹುದು. ಊರಿಗೆ ಎಣ್ಣೆ ಬೇಕಿತ್ತು, ಗಾಣ ಅವನದಿತ್ತು.

ಆಮೇಲೆ ಅವ್ವನನ್ನು ಯಾವ ಮದುವೆಗೂ ಕರೆಯಲಿಲ್ಲ. ಅವಳು ಖಡಕ್ ರೊಟ್ಟಿ ಬಡಿದು ಬಳ್ಳಾರಿಯ ಖಾನಾವಳಿಗಳಿಗೆ ಕಳಿಸತೊಡಗಿದಳು. ರೊಟ್ಟಿಗೆ ಎಣ್ಣೆ ಬೇಡವಲ್ಲ. ಮದುವೆಯ ಓಲಗ ಕೇಳಿದರೆ ರೊಟ್ಟಿ ಬಡಿಯುವ ಸಪ್ಪಳ ಜೋರಾಗುತ್ತಿತ್ತು. ನಮ್ಮ ಮನೆಯಲ್ಲಿ ಎಣ್ಣೆಗಾಯಿ ಮತ್ತೆ ಆಗಲೇ ಇಲ್ಲ. ನಾನು ಗಾಣದ ಮುಂದಿನ ದಾರಿ ಬಿಟ್ಟು ಸುತ್ತು ಹಾಕಿ ಸಾಲೆಗೆ ಹೋಗುತ್ತಿದ್ದೆ, ಹೋಗುತ್ತ ಅವನ ಗಾಣಕ್ಕೆ ಬೆಂಕಿ ಬೀಳಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬೀಳಲಿಲ್ಲ. ಅವನು ಇನ್ನೊಂದು ಮಹಡಿ ಕಟ್ಟಿಸಿದ.

ನಾನು ಬಳ್ಳಾರಿಯಲ್ಲಿ ರಸಾಯನಶಾಸ್ತ್ರ ಓದಿದ್ದು ಜ್ಞಾನದಾಹದಿಂದ ಎಂದು ಯಾರಾದರೂ ಹೊಗಳಿದರೆ ನನಗೆ ನಗು ಬರುತ್ತದೆ. ನನಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಯ ಉತ್ತರ, ಅವತ್ತು ಆ ಪಾತ್ರೆಯಲ್ಲಿ ಏನಾಯಿತು? ಉತ್ತರ ಸಿಕ್ಕಿತು. ಪ್ರತಿಯೊಂದು ಎಣ್ಣೆಗೂ ಅದರದ್ದೇ ಆದ ಚಳಿ ಇದೆ. ಕೊಬ್ಬರಿ ಎಣ್ಣೆಗೆ ನಮ್ಮ ಸಾಧಾರಣ ಚಳಿ ಸಾಕು. ಪಾಮಾಯಿಲ್ ಕೂಡ ಬೇಗ ಕೆನೆಗಟ್ಟುತ್ತದೆ. ಶೇಂಗಾ ಎಣ್ಣೆ ನಮ್ಮೂರಿನ ಚಳಿಗೆ ಜಗ್ಗುವುದಿಲ್ಲ. ಅದನ್ನು ಗಟ್ಟಿ ಮಾಡಬೇಕಾದರೆ ಫ್ರಿಜ್ಜಿನಂಥ ಚಳಿ ಬೇಕು. ಕುಸುಬೆ ಎಣ್ಣೆ ಅದಕ್ಕೂ ಬಗ್ಗದೆ ನೀರಿನಂತೆ ನಿಂತಿರುತ್ತದೆ. ಗಟ್ಟಿಯಾಗುವುದರಲ್ಲಿ ಅಸಲಿಯೂ ಇಲ್ಲ, ನಕಲಿಯೂ ಇಲ್ಲ. ಎಷ್ಟು ಚಳಿಗೆ ಎಂಬುದೇ ಮಾತು. ಕಾಕಾ ಅರ್ಧ ಮಾತು ಹೇಳಿ ಇಡೀ ಊರನ್ನು ಗೆದ್ದಿದ್ದ.

ಕೆಲಸ ಸಿಕ್ಕಿದ್ದು ಸಿರುಗುಪ್ಪದಲ್ಲಿ, ತೌಡಿನ ಎಣ್ಣೆ ತೆಗೆಯುವ ಮಿಲ್ಲಿನ ಪ್ರಯೋಗಾಲಯದಲ್ಲಿ. ಅಕ್ಕಿ ಗಿರಣಿಗಳ ತೌಡು ನಮ್ಮಲ್ಲಿಗೆ ಬರುತ್ತದೆ. ಆ ಎಣ್ಣೆಯಲ್ಲಿ ಹುಟ್ಟಾ ಮೇಣವಿರುತ್ತದೆ. ತಣ್ಣಗೆ ಮಾಡಿ ಮೇಣ ಹರಳುಗಟ್ಟಿದ ಮೇಲೆ ಸೋಸಬೇಕು. ಸೋಸಿದ್ದು ಸರಿಯಾಗಿದೆಯೇ ಎಂದು ಬಾಟ್ಲಿಯನ್ನು ಮಂಜುಗಡ್ಡೆಯಲ್ಲಿ ಹೂತಿಟ್ಟು ನೋಡುವುದು ನನ್ನ ಕೆಲಸ. ಮಂಜಿನಲ್ಲಿ ಗಂಟೆಗಟ್ಟಲೆ ಕುಳಿತರೂ ಮಸುಕಾಗದಿದ್ದರೆ ಪಾಸು. ಒಮ್ಮೆ ಉತ್ತರದ ಬೆಟ್ಟಗಳಿಗೆ ಅಕ್ಕಿ ಒಯ್ದು ಬಂದ ಲಾರಿ ಡ್ರೈವರೊಬ್ಬ ಇದನ್ನು ನೋಡಿ, ‘ಮೇಡಂ, ಅಲ್ಲಿ ನಮ್ಮ ಡೀಸಲ್ಲಿಗೂ ಇದ ಪಾಡು. ಪೈಪಿನ್ಯಾಗ ಪಾಯಸ ಆಗಿ ನಿಂತಬಿಡ್ತೈತಿ. ಟ್ಯಾಂಕಿನ ಕೆಳಗ ಬೆಂಕಿ ಹಾಕ್ಕೊಂಡು ಕುಂತಿದ್ವಿ’ ಎಂದ. ಡೀಸೆಲ್ಲಿನಲ್ಲೂ ಮೇಣವಿದೆ, ಚಳಿಗೆ ಅದು ಹರಳಾಗಿ ಫಿಲ್ಟರಿನ ಉಸಿರು ಕಟ್ಟಿಸುತ್ತದೆ, ಟ್ಯಾಂಕಿಗೆ ಬೆಂಕಿ ಹಚ್ಚಿ ಸಾಯಬೇಡ ಮಾರಾಯ ಎಂದು ಅವನಿಗೆ ತಿಳಿಸಿ ಹೇಳಿದೆ. ಹೇಳುತ್ತಿರುವಾಗಲೂ ನನ್ನ ಕಣ್ಣ ಮುಂದೆ ಇದ್ದದ್ದು ಎಣ್ಣೆಗಾಯಿಯ ಪಾತ್ರೆ.

ಅವ್ವನನ್ನು ನನ್ನ ಹತ್ತಿರವೇ ಕರೆದುಕೊಂಡು ಬಂದೆ. ರಜೆಯಿದ್ದಾಗ ಮಹಿಳಾ ಸಂಘಗಳಿಗೆ ಹೋಗಿ ಎಣ್ಣೆಯ ಕಲಬೆರಕೆ ಗುರುತಿಸುವುದನ್ನು ತೋರಿಸತೊಡಗಿದೆ, ಸಿರುಗುಪ್ಪ, ಬಳ್ಳಾರಿ, ಕುರುಗೋಡು. ಜನ ಅದನ್ನು ಸಮಾಜಸೇವೆ ಎಂದರು. ಸೇಡಿಗೆ ಸಮಾಜಸೇವೆಯ ಸೀರೆ ಉಡಿಸಿದರೆ ಯಾರಿಗೂ ಗುರುತು ಸಿಗುವುದಿಲ್ಲ. ಶೇಂಗಾ ಎಣ್ಣೆಯನ್ನು ಚಳಿಗಾಲದ ಮುಂಜಾನೆ ಹೊರಗಿಡಿ, ಬೆಳ್ಳಗಾದರೆ ಪಾಮಾಯಿಲ್ ಇದೆ ಎಂದು ತಿಳಿಯಿರಿ ಎಂದು ಹೇಳಿಕೊಡುತ್ತಿದ್ದೆ. ಕಾಕಾನ ಹೆಸರೆತ್ತುತ್ತಿರಲಿಲ್ಲ. ಅಷ್ಟರಲ್ಲಿ ಅವನ ಹಳೆಯ ಗಾಣ ಮುಚ್ಚಿಯೂ ಹೋಗಿತ್ತು.

ಆದರೆ ಬಳ್ಳಾರಿಯವರು ಚಳಿಗಾಗಿ ಎಷ್ಟು ದಿನ ಕಾಯುತ್ತಾರೆ? ಮನೆಯಲ್ಲಿ ಫ್ರಿಜ್ಜಿದೆ. ಹೊರಗಿಡಿ ಎಂದರೆ ಒಳಗಿಟ್ಟರು. ಹೋದ ಶಿವರಾತ್ರಿಯ ಆಸುಪಾಸು ಒಬ್ಬಾಕೆ ಗಟ್ಟಿಯಾದ ಬಾಟ್ಲಿಯ ವಿಡಿಯೊ ಮಾಡಿ ಸಂಘದ ಗುಂಪಿಗೆ ಹಾಕಿದಳು: ‘ಮರದ ಗಾಣದ್ದಂತ. ಎಲ್ಲಾ ಪಾಮಾಯಿಲ್.’ ವಿಡಿಯೊ ಓಣಿಯಿಂದ ಓಣಿಗೆ ಓಡಿತು. ಬಾಟ್ಲಿಯ ಚೀಟಿಯಲ್ಲಿದ್ದ ಹೆಸರು ಓದಿ ನಾನು ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡೆ. ಕಾಕಾನ ಮಗ ಬಳ್ಳಾರಿಯಲ್ಲಿ ಹೊಸದಾಗಿ ಮರದ ಗಾಣ ಹಾಕಿದ್ದ. ವಿಡಿಯೊ ಮಾಡಿದಾಕೆ ತಪ್ಪು ತಿಳಿದಿದ್ದಾಳೆ, ಫ್ರಿಜ್ಜಿನಲ್ಲಿ ಶುದ್ಧ ಶೇಂಗಾ ಎಣ್ಣೆಯೂ ಗಟ್ಟಿಯಾಗುತ್ತದೆ ಎಂದು ಬರೆಯಲು ಒಂದು ನಿಮಿಷದ ಕೆಲಸ. ನಾನು ಮೊಬೈಲು ಕೆಳಗಿಟ್ಟು ಚಹ ಕುಡಿದೆ.

ಕೆಲವು ದಿನ ಕಳೆದ ಮೇಲೆ ಕಾಕಾ ಮಿಲ್ಲಿಗೆ ಬಂದ. ಮುದುಕನಾಗಿದ್ದ, ಪಂಚೆ ಸಡಿಲಾಗಿತ್ತು, ಕೈಯಲ್ಲಿ ಒಂದು ಬಾಟ್ಲಿ.

‘ಮಗ ಮನಿ ಅಡ ಇಟ್ಟು ಗಾಣ ಹಾಕ್ಯಾನವ್ವಾ. ಒಬ್ಬರೂ ಎಣ್ಣಿ ಒಯ್ಯವಲ್ರು. ಈ ಸಲ ಒಂದು ಹನಿ ಕೂಡಿಸಿಲ್ಲ, ನನ್ನ ಆಣಿ. ಫ್ರಿಜ್ಜಿನ್ಯಾಗ ಎಲ್ಲಾ ಶೇಂಗಾ ಎಣ್ಣಿನೂ ಹಿಂಗ ಆಗ್ತೈತಿ ಅಂತ ನೀ ಒಂದು ಮಾತು ಹೇಳು. ನಿನ್ನ ಮಾತು ಹೆಣ್ಮಕ್ಳು ಕೇಳ್ತಾರ.’

‘ಈ ಸಲ’ ಎಂದ! ಆ ಎರಡು ಪದವನ್ನು ನಾನು ಹಲ್ಲಿನ ನಡುವೆ ಇಟ್ಟುಕೊಂಡು ಬಾಟ್ಲಿ ತೆಗೆದುಕೊಂಡು ಒಳಗೆ ಹೋದೆ. ಅವನು ಬೇವಿನ ಗಿಡದ ಕೆಳಗೆ ಕಾಯುತ್ತ ನಿಂತ. ಮಾಡಬೇಕಾದ ಪರೀಕ್ಷೆಗಳನ್ನೆಲ್ಲ ಮಾಡಿದೆ, ಅವನಿಗಾಗಿ ಅಲ್ಲ. ತಪ್ಪು ಸಿಗಲಿ ಎಂದು. ಸಿಗಲಿಲ್ಲ. ಅಷ್ಟು ಚೊಕ್ಕ ಶೇಂಗಾ ಎಣ್ಣೆ ನನ್ನ ಮೇಜಿಗೆ ಬಂದದ್ದು ಅಪರೂಪ. ಹೊರಗೆ ಬಂದು ಅವನ ಎದುರು ನಿಂತೆ.

‘ಎಣ್ಣಿ ಶುದ್ಧ ಐತಿ ಕಾಕಾ.’

ಅವನ ಮುಖ ಅರಳಿತು. ಅರಳಲಿ ಎಂದೇ ಕಾದಿದ್ದೆ.

‘ನನಗ ಗೊತ್ತೈತಿ, ನಿಮಗ ಗೊತ್ತೈತಿ. ಅಷ್ಟ ಸಾಕು. ನಮ್ಮವ್ವನ ಎಣ್ಣಿಗಾಯಿ ಬಗ್ಗೆನೂ ಆವತ್ತು ಇಬ್ಬರಿಗೇ ಗೊತ್ತಿತ್ತು. ನಾ ಯಾರ ಮುಂದೂ ಏನೂ ಹೇಳೂದಿಲ್ಲ.’

ಅವನು ಗಾಬರಿಯಾಗುತ್ತಾನೆ ಅಂದುಕೊಂಡಿದ್ದೆ. ಆಗಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ‘ನೀ ಅಕಿ ಮಗಳಂತ ಗೊತ್ತಿದ್ದ ಬಂದೀನವ್ವಾ. ಆವತ್ತು ಮದಿವ್ಯಾಗ ನಾನು...’

‘ಬಸ್ಸಿನ ಹೊತ್ತಾತು. ಹೊಂಡ್ರಿ’ ಎಂದೆ.

ಅವನು ಬಾಟ್ಲಿಯನ್ನೂ ಮರೆತು ಹೋದ. ಅದನ್ನು ಮನೆಗೆ ತಂದು ಫ್ರಿಜ್ಜಿನ ಮೂಲೆಗೆ ತಳ್ಳಿದೆ. ನನಗೆ ಸುಖವಾಯಿತು. ಸುಳ್ಳು ಯಾಕೆ ಹೇಳಲಿ? ಅವತ್ತು ಮಂಜುಗಡ್ಡೆಯಲ್ಲಿಟ್ಟ ಬಾಟ್ಲಿಗಳನ್ನು ತೆಗೆದು ನೋಡುವಾಗ ನಾನು ಗುನುಗುತ್ತಿದ್ದೆನಂತೆ, ಜೊತೆಯವರು ಹೇಳಿದರು. ಬೇಸಿಗೆ ಮುಗಿಯುವ ಮೊದಲೇ ಮಗನ ಗಾಣ ನಿಂತಿತು; ಆ ಜಾಗದಲ್ಲಿ ಈಗ ಜೀನ್ಸ್ ಹೊಲಿಯುತ್ತಾರೆ. ಅದಕ್ಕೂ ನನಗೆ ಮರುಕ ಹುಟ್ಟಲಿಲ್ಲ, ಇವತ್ತಿಗೂ ಹುಟ್ಟಿಲ್ಲ.

ಕಾಕಾ ಮಿಲ್ಲಿಗೆ ಬಂದುಹೋದ ಸಂಜೆಯೇ ಎಲ್ಲವನ್ನೂ ಅವ್ವನಿಗೆ ಹೇಳಿದ್ದೆ. ‘ಪಾಪ, ಬಿಡಬೇಕಿತ್ತು’ ಎನ್ನುತ್ತಾಳೇನೋ ಎಂಬ ಅಳುಕಿತ್ತು. ಅವಳ ಕಣ್ಣು ಹೊಳೆದವು.

‘ಮಾರಿ ಹೆಂಗಾತು ಅವಂದು?’

ಹೇಳಿದೆ. ಮತ್ತೊಮ್ಮೆ ಹೇಳಿಸಿದಳು. ಟವೆಲು ಎಲ್ಲಿ ಹಿಡಿದಿದ್ದ ಎಂದು ಕೇಳಿದಳು. ಬಾಯಿಗೆ ಸೆರಗು ಒತ್ತಿಕೊಂಡು ಸಣ್ಣ ಹುಡುಗಿಯ ಹಾಗೆ ನಕ್ಕಳು. ಎಷ್ಟೋ ವರ್ಷಗಳ ಮೇಲೆ ತಾಯಿ ಮಗಳು ಹಾಗೆ ನಕ್ಕಿದ್ದೆವು. ನಗು ಇಳಿದ ಮೇಲೆ ಅವಳು ಕಣ್ಣೊರೆಸಿಕೊಂಡು ಸಹಜವಾಗಿ ಕೇಳಿದಳು:

‘ಮತ್ತ ಊರಾಗ ಯಾವಾಗ ಹೇಳ್ತಾನಂತ?’

ನನಗೆ ಮೊದಲು ಅರ್ಥವೇ ಆಗಲಿಲ್ಲ. ಎಣ್ಣೆ ತನ್ನದೇ, ಅಡಿಗೆಯವಳ ತಪ್ಪಿಲ್ಲ ಎಂದು ಊರಿನ ಮುಂದೆ ಹೇಳುವುದು. ಅದನ್ನು ಹೇಳಿಸಿಕೊಂಡ ಮೇಲೆಯೇ ನಾನು ಅವನನ್ನು ಕಳಿಸಿರುತ್ತೇನೆ ಎಂದು ಅವ್ವ ತಿಳಿದಿದ್ದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಗಾಣ ಉರಿಯಲಿ ಎಂದು ಅವಳೆಂದೂ ಬೇಡಿಕೊಂಡಿರಲಿಲ್ಲ. ಬೇವಿನ ಗಿಡದ ಕೆಳಗೆ ಅದನ್ನು ಹೇಳಲು ಅವನು ಬಾಯಿ ತೆರೆದೂ ಇದ್ದ. ಅವತ್ತು ಆ ಮುದುಕ ನನ್ನಿಂದ ಏನು ಕೇಳಿದ್ದರೂ ಮಾಡುತ್ತಿದ್ದ. ಹೊಡೆಯುವ ಹುರುಪಿನಲ್ಲಿ ನನಗೆ ಕೇಳುವುದೇ ಹೊಳೆಯಲಿಲ್ಲ...

‘ಮಾರ್ಗಶಿರದ ಮದಿವಿ ಸುರು ಆಗ್ಲಿ, ಮದಿವಿ ಮನ್ಯಾಗ ನಿಂತ ಹೇಳ್ತೀನಿ ಅಂದಾನವ್ವಾ’ ಎಂದುಬಿಟ್ಟೆ. ಅವಳು ಅದು ನ್ಯಾಯವೇ ಎಂಬಂತೆ ತಲೆಯಾಡಿಸಿದಳು.

ನಾನು ಹೋಗಿ ಅವನನ್ನು ಕರೆತರಬಹುದಿತ್ತು. ಹೋಗೋಣ, ಮಳೆ ಬೀಳಲಿ ಎಂದುಕೊಂಡೆ. ಸಿಟ್ಟು ಕೆಳಗಿಳಿದಿರಲಿಲ್ಲ, ನಾನಾಗಿ ಅವನ ಮನೆ ಬಾಗಿಲಿಗೆ ಯಾಕೆ ಹೋಗಲಿ? ಮಳೆ ಬಿತ್ತು. ಅವನು ಸತ್ತ ಸುದ್ದಿ ಫೋನಿನಲ್ಲಿ ಬಂದಾಗ ಅವ್ವ ಒಳಗೆ ಮಲಗಿದ್ದಳು. ಅವಳಿಗೆ ಹೇಳಲಿಲ್ಲ. ಆ ಮಾತು ಹೇಳಬಲ್ಲವನು ಭೂಮಿಯ ಮೇಲೆ ಅವನೊಬ್ಬನೇ ಇದ್ದ, ಅವನೂ ಹೋದ. ನನ್ನ ಸೇಡಿನ ಲೆಕ್ಕದಲ್ಲಿ ಗೆದ್ದವರು ಯಾರೂ ಉಳಿದಿಲ್ಲ.

ಈಗ ಮತ್ತೆ ಮಾರ್ಗಶಿರ. ಅವ್ವನಿಗೆ ಕಾಲು ಬರುವುದಿಲ್ಲ, ಕಿವಿ ಚುರುಕಾಗಿದೆ. ನಿನ್ನೆ ಓಣಿಯಲ್ಲಿ ಓಲಗ ಹೋಯಿತು. ಅವಳು ಹಾಸಿಗೆಯಿಂದಲೇ ಕೇಳಿದಳು, ‘ಮದಿವಿ ಸುರು ಆದುವಲ್ಲ. ಹೇಳಿದನೇನು?’

‘ಹೇಳಿದನವ್ವಾ’ ಎಂದೆ.

‘ಯಾರ್ಯಾರು ಇದ್ರು?’

ಅವಳ ಕಾಲು ಒತ್ತುತ್ತ ಒಬ್ಬೊಬ್ಬರನ್ನಾಗಿ ಪೆಂಡಾಲಿನಲ್ಲಿ ಕೂರಿಸಿದೆ. ಅವತ್ತಿನ ಮದುವೆಯ ಹುಡುಗಿಯ ತಾಯಿ, ಗಾಣದ ಓಣಿಯ ಹೆಂಗಸರು, ಅವತ್ತು ನಕ್ಕವರು. ರೂಪನಗುಡಿಯವರು ಬಂದಿದ್ದರೇ ಎಂದು ಕೇಳಿದಳು. ಅವರನ್ನೂ ತಂದು ಮುಂದಿನ ಸಾಲಿನಲ್ಲಿ ಕೂರಿಸಿದೆ. ಎಲ್ಲರ ನಡುವೆ ಅವನೊಬ್ಬನನ್ನೇ ನಿಲ್ಲಿಸಿ, ಎಣ್ಣೆ ನಂದು, ಆಕೆಯದೇನೂ ತಪ್ಪಿಲ್ಲ ಎಂದು ಹೇಳಿಸಿದೆ. ಅವ್ವ ಕಣ್ಣು ಮುಚ್ಚಿ ಕೇಳಿದಳು.

‘ಅಷ್ಟೊತ್ತು ನಿಂತಿದ್ನೇನು? ಕುಂದ್ರು ಅನ್ನಲಿಲ್ಲೇನು ಯಾರೂ?’

‘ಇಲ್ಲವ್ವಾ. ಯಾರೂ ಅನ್ನಲಿಲ್ಲ.’

‘ಛಲೋ ಆತು’ ಎಂದು ಅವ್ವ ಮಗ್ಗಲು ಬದಲಿಸಿದಳು.